ಬಣ್ಣ ಓದುವ ಪಾಠ ಮತ್ತೆ ಲ್ಯಾಬಿಗೆ ಬರಲಿ

ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ಕಾರ್ಬನ್ ರೆಸಿಸ್ಟರ್‌ಗಳ ಬಣ್ಣಸಂಕೇತದ ಪಾಠವಿತ್ತು. ಕೋವಿಡ್ ನಂತರ ಎನ್‌ಸಿಇಆರ್‌ಟಿ ಪಠ್ಯದ ಹೊರೆ ಇಳಿಸಿದಾಗ ಅದೂ ಹೋಯಿತು. ಡಾರ್ವಿನ್ ಪಾಠ ಕೈಬಿಟ್ಟಾಗ ದನಿ ಎತ್ತುವವರಿದ್ದರು. ಒಂದು ರೂಪಾಯಿಯೂ ಬಾಳದ ರೆಸಿಸ್ಟರ್ ಪರವಾಗಿ ಯಾರು ಮಾತಾಡುತ್ತಾರೆ?

ಟಿವಿ, ಯುಪಿಎಸ್, ಆಂಪ್ಲಿಫೈಯರ್ ರಿಪೇರಿಯಲ್ಲೇ ಹೊಟ್ಟೆ ಹೊರೆಯುವ ನಾನು ಮಾತಾಡುತ್ತೇನೆ. ಕೆಲಸ ಕಲಿಯಲು ಬರುವ ಹುಡುಗರು ಓಮನ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಹಳದಿ, ನೇರಳೆ, ಕೆಂಪು ಪಟ್ಟೆಯ ರೆಸಿಸ್ಟರ್ ಕೈಗಿಟ್ಟರೆ ಮಾತ್ರ ಕಣ್ಣುಕಣ್ಣು ಬಿಡುತ್ತಾರೆ. ಹಳದಿ 4, ನೇರಳೆ 7, ಕೆಂಪು ಎಂದರೆ ಮುಂದೆ 2 ಸೊನ್ನೆ: 4,700 ಓಮ್. ಕೊನೆಯ ಚಿನ್ನದ ಪಟ್ಟೆ, ಶೇ 5ರಷ್ಟು ಹೆಚ್ಚುಕಡಿಮೆ ಇದ್ದೀತು ಎನ್ನುತ್ತದೆ. ವಿದ್ಯೆ ಇಷ್ಟೇ.

‘ಮೀಟರ್ ಇದೆಯಲ್ಲಣ್ಣ, ಇದೆಲ್ಲ ಯಾಕೆ?’ ಎನ್ನುತ್ತಾರೆ. ಬೋರ್ಡಿನಲ್ಲಿ ಕೂತ ರೆಸಿಸ್ಟರ್‌ಗೆ ಮೀಟರ್ ಹಿಡಿದರೆ ಅಕ್ಕಪಕ್ಕದ ದಾರಿಗಳೂ ಸೇರಿಕೊಂಡು ಅಳತೆ ಕಡಿಮೆ ತೋರಿಸುತ್ತದೆ. ಸರಿಯಾಗಿ ನೋಡಲು ಒಂದು ಕಾಲು ಬಿಚ್ಚಬೇಕು. ಸುಟ್ಟು ಓಪನ್ ಆಗಿದ್ದರಂತೂ ಅದು ಮೂಲದಲ್ಲಿ ಎಷ್ಟು ಓಮಿನದು ಎಂಬುದು ಮೀಟರಿಗೆ ಸಿಗುವುದೇ ಇಲ್ಲ. ಸರ್ಕ್ಯೂಟ್ ನಕ್ಷೆ ನಮ್ಮಂಥವರ ಕೈಗೆ ಬರುವುದು ಅಪರೂಪ. ಆಗ ಪಟ್ಟೆಗಳೇ ಗತಿ.

ಅವೂ ಕೆಲವೊಮ್ಮೆ ಸುಳ್ಳು ಹೇಳುತ್ತವೆ. ಕಾದು ಕಾದು ಕೆಂಪು ಕಂದಾಗುತ್ತದೆ. ಮೊದಲೆರಡು ಪಟ್ಟೆ ಕಂದು-ಕಂದು ಕಂಡರೆ 11 ಎಂದು ಓದಬೇಕು. ಆದರೆ ಹೆಚ್ಚು ಬಳಕೆಯಲ್ಲಿರುವ ಓಮ್ ಬೆಲೆಗಳ ಮೊದಲೆರಡು ಅಂಕಿಗೆ ಇರುವುದು ಹನ್ನೆರಡೇ ಜೋಡಿ: 10, 12, 15, 18, 22, 27, 33, 39, 47, 56, 68, 82. ಅವುಗಳಲ್ಲಿ 11 ಇಲ್ಲ. ಹಾಗಾದರೆ ಇದು ಬೆಂದುಹೋದ ಕೆಂಪು-ಕೆಂಪು, 22 ಇದ್ದೀತು. ಸ್ಟೀರಿಯೊ ಆಂಪ್ಲಿಫೈಯರ್ ಆದರೆ ಇನ್ನೊಂದು ಚಾನೆಲ್‌ನಲ್ಲಿ ಅದರ ಜೋಡಿ ಇರುತ್ತದೆ, ನೋಡಿ ಖಾತ್ರಿ ಮಾಡಿಕೊಳ್ಳಬಹುದು. ಇಂಥ ತರ್ಕ ಯಾವ ಆ್ಯಪ್ ಕಲಿಸುತ್ತದೆ?

ಪಾಠ ಇದ್ದಾಗಲೂ ಕಲಿಸುತ್ತಿದ್ದ ರೀತಿ ನನಗೆ ಹಿಡಿಸಿರಲಿಲ್ಲ. ಬಣ್ಣಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರ ಪೋಣಿಸಿದ, ‘ಬಿ ಬಿ ರಾಯ್ ಆಫ್ ಗ್ರೇಟ್ ಬ್ರಿಟನ್...’ ಎಂದು ಶುರುವಾಗುವ ಗಿಳಿಪಾಠ. ಅದರಲ್ಲಿ ಒಟ್ಟು ಮೂರು ‘ಬಿ’, ಎರಡು ‘ಜಿ’. ಯಾವುದು ಯಾವ ಬಣ್ಣ ಎಂಬುದಕ್ಕೆ ಇನ್ನೊಂದು ಬಾಯಿಪಾಠ ಬೇಕು. ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ ಎಂದರೆ ಕಾಮನಬಿಲ್ಲಿನ ಸಾಲೇ, 2ರಿಂದ 7. ಅದರ ಹಿಂದೆ ಕಪ್ಪು, ಕಂದು. ಮುಂದೆ ಬೂದು, ಬಿಳಿ. ಕನ್ನಡ ಮಾಧ್ಯಮದ ಹುಡುಗಿಗೆ ಬ್ರಿಟನ್ನಿನ ರಾಯನ ಹಂಗೇಕೆ? (ಬಣ್ಣಗುರುಡು ಇರುವವರಿಗೆ ಮಾತ್ರ ಈ ದಾರಿ ಕಷ್ಟ. ಅವರು ಮೀಟರನ್ನೇ ನಂಬಬೇಕು.)

ಈಗಿನ ಬೋರ್ಡುಗಳಲ್ಲಿ ಸಾಸಿವೆಗಾತ್ರದ ಎಸ್‌ಎಂಡಿ ರೆಸಿಸ್ಟರ್‌ಗಳೇ ಹೆಚ್ಚು, ನಿಜ. ಅವುಗಳ ಮೇಲಿನ 103 ಎಂದರೂ 10ರ ಮುಂದೆ 3 ಸೊನ್ನೆ, ಅದೇ ಲೆಕ್ಕ. ಪವರ್ ಸಪ್ಲೈಗಳಲ್ಲಿ ಪಟ್ಟೆಯವು ಇನ್ನೂ ಇವೆ, ಸುಡುವುದೂ ಹೆಚ್ಚಾಗಿ ಅಲ್ಲೇ.

ಪಿಯು ಉಪನ್ಯಾಸಕರು ಪಠ್ಯ ಬದಲಾಗಲೆಂದು ಕಾಯಬೇಕಿಲ್ಲ. ಮೀಟರ್ ಬ್ರಿಡ್ಜ್ ಪ್ರಯೋಗದಲ್ಲಿ ತಂತಿಯ ಜೊತೆಗೆ ಕಂದು-ಕಪ್ಪು-ಕಪ್ಪು ಪಟ್ಟೆಯ 10 ಓಮಿನ ರೆಸಿಸ್ಟರ್ ಒಂದನ್ನೂ ಕೊಡಿ. ಮಕ್ಕಳು ಮೊದಲು ಬಣ್ಣ ಓದಿ ಬರೆದುಕೊಳ್ಳಲಿ, ಆಮೇಲೆ ಅಳೆದು ಶೇ 5ರೊಳಗೆ ಬಂತೇ ಎಂದು ತಾಳೆ ನೋಡಲಿ.