ನಂಗಲಿ ದಾಟುವ ಮುನ್ನ ಒಂದು ಮುಡುಪು

ಒಂದು ಸಣ್ಣ ಪರೀಕ್ಷೆ. ಕಾಂಟ್ಯಾಕ್ಟ್ ಲಿಸ್ಟ್ ತೆಗೆಯದೆ ಹೇಳಿ, ನಿಮಗೆ ಬಾಯಿಪಾಠ ಬರುವ ಫೋನ್ ನಂಬರ್ ಎಷ್ಟು? ನಿಮ್ಮದು ಒಂದು. ಅಮ್ಮನದೋ ಅಪ್ಪನದೋ ಇನ್ನೊಂದು, ಅದೂ ಅವರು ಎಷ್ಟೋ ವರ್ಷದಿಂದ ನಂಬರ್ ಬದಲಿಸಿಲ್ಲ ಅನ್ನೋ ಪುಣ್ಯಕ್ಕೆ. ಮೂರನೆಯದು? ಬಹಳ ಜನ ಇಲ್ಲೇ ತಡವರಿಸುತ್ತಾರೆ.

ಮನೆ, ಆಫೀಸು, ಮತ್ತೆ ಮನೆ ಅಂತ ಓಡಾಡುವವರಿಗೆ ಇದರಿಂದ ತೊಂದರೆ ಏನಿಲ್ಲ. ಆದರೆ ಈಗ ನಮ್ಮಲ್ಲಿ ಅನೇಕರಿಗೆ ಇನ್ನೊಂದು ಹುಚ್ಚು ಹಿಡಿದಿದೆ. ಶನಿವಾರ ಬೆಳಗ್ಗೆ ಒಂದು ಬ್ಯಾಗು ಹೆಗಲಿಗೆ ಹಾಕಿಕೊಂಡು, ಲಾಡ್ಜು ಬುಕ್ ಮಾಡದೆ, ಸಿಕ್ಕ ಬಸ್ಸು ಹತ್ತಿ ಹೊರಟುಬಿಡುವುದು. ಒಳ್ಳೆಯ ಹುಚ್ಚು. ಕಡಿಮೆ ದುಡ್ಡಿನ ಈ ಅಲೆಮಾರಿತನ ಸುಲಭವಾಗಿದ್ದೇ ಜೇಬಿನಲ್ಲಿರುವ ಫೋನಿನಿಂದ. ಅದು ಅಪಾಯಕ್ಕೆ ಸಿಕ್ಕಿಸುವುದೂ ಅದೇ ಫೋನಿನಿಂದ. ಹೇಗೆ ಅಂತ ಒಂದು ದಾರಿ ಹಿಡಿದು ನೋಡೋಣ.

ಬೆಂಗಳೂರಿನಿಂದ ಪೂರ್ವಕ್ಕೆ ಹೋಗುವ ಹಳೆಯ ಎನ್‌ಎಚ್ 4 ಗೊತ್ತಲ್ಲ? ಸುಮಾರು 70 ಕಿ.ಮೀ.ಗೆ ಕೋಲಾರ, ಅಲ್ಲಿಂದ ಸುಮಾರು 30 ಕಿ.ಮೀ.ಗೆ ಮುಳಬಾಗಿಲು. ಮೂಡಲ ಬಾಗಿಲು ಅನ್ನೋದೇ ಮುಳಬಾಗಿಲಾಯಿತು ಅಂತಾರೆ. ಆ ಬಾಗಿಲು ದಾಟಿ ಮುಂದೆ ಹೋದರೆ ಕರ್ನಾಟಕದ ಕೊನೆಯಲ್ಲಿ ನಂಗಲಿ. ಅದಾದ ಮೇಲೆ ಆಂಧ್ರದ ಪಲಮನೇರು, ಚಿತ್ತೂರು, ತಿರುಪತಿ. ನಮ್ಮಲ್ಲಿ ಹೆಚ್ಚಿನವರು ನಂಗಲಿಯನ್ನು ನೋಡಿರುವುದು ತಿರುಪತಿ ಬಸ್ಸಿನ ಕಿಟಕಿಯಲ್ಲಿ, ಅದೂ ಅರ್ಧ ನಿದ್ದೆಯಲ್ಲಿ.

ಮೊಬೈಲು ಬಂದ ಹೊಸದರಲ್ಲಿ ಈ ಊರಿಗೆ ಇನ್ನೊಂದು ಅರ್ಥ ಇತ್ತು. ಗಡಿ ಹತ್ತಿರ ಬಂತು ಅಂದ್ರೆ, ಮಾತಾಡುತ್ತಿದ್ದವರು "ರೋಮಿಂಗ್ ಬರ್ತದೆ, ಇಡ್ತೀನಿ" ಅಂತ ಫೋನ್ ಕಟ್ ಮಾಡೋರು. ಬಂದ ಕರೆಗೂ ದುಡ್ಡು ಹೋಗುತ್ತಿದ್ದ ಕಾಲ ಅದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, 2017ರ ಏಪ್ರಿಲ್ 1ರಿಂದ ಏರ್‌ಟೆಲ್ ಕೂಡ ದೇಶದೊಳಗಿನ ರೋಮಿಂಗ್ ಶುಲ್ಕ ತೆಗೆಯಿತು. ಈಗ ಗಡಿ ದಾಟಿದ್ದು ಫೋನಿಗೆ ಗೊತ್ತಾಗುತ್ತದೆ, ನಮ್ಮ ಜೇಬಿಗೆ ಗೊತ್ತಾಗುವುದಿಲ್ಲ.

ಆದರೂ ಗಡಿ ಗಡಿಯೇ. ಹೆಣ್ಣುಮಕ್ಕಳು ಇದನ್ನು ನೆನಪಿಡಬೇಕು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ರಾಜ್ಯದೊಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಅಂದರೆ ಬೆಂಗಳೂರಿನಿಂದ ಕೋಲಾರ, ಕೋಲಾರದಿಂದ ಮುಳಬಾಗಿಲು ಅಂತ ಬಸ್ಸು ಬದಲಿಸುತ್ತ ಬಂದರೆ ಖರ್ಚು ಊಟ ತಿಂಡಿಯದು ಮಾತ್ರ. ಆಂಧ್ರದಲ್ಲೂ 2025ರ ಆಗಸ್ಟ್ 15ರಿಂದ ಮಹಿಳೆಯರಿಗೆ ಉಚಿತ ಬಸ್ಸಿದೆ, ಆದರೆ ಅದು ಆಂಧ್ರದ ವಿಳಾಸ ಇರುವವರಿಗೆ. ಹಾಗಾಗಿ ಇಲ್ಲಿಂದ ಮುಂದೆ ಜೇಬಿನಲ್ಲಿ ದುಡ್ಡು ಬೇಕು.

ನೇರವಾಗಿ ತಿರುಪತಿಗೆ ಹೋಗುವ ಬಸ್ಸಿನಲ್ಲಿ ಕೂತರೆ ನಡುವಿನ ಊರುಗಳು ಕೈಗೆ ಸಿಗುವುದಿಲ್ಲ. ತುಂಡು ತುಂಡಾಗಿ ಹೋಗುವವನಿಗೆ ಅಂತರಗಂಗೆ ಸಿಗುತ್ತದೆ. ಮುಳಬಾಗಿಲಿನಲ್ಲಿ ಇಳಿದರೆ ಬಿಸಿ ಬಿಸಿ ಮುಳಬಾಗಿಲು ದೋಸೆ. ಅಲ್ಲಿಂದ ಒಂದು ಕಡೆ ಹೋದರೆ ಆಳೆತ್ತರಕ್ಕಿಂತ ಎಷ್ಟೋ ದೊಡ್ಡದಾದ ಕುರುಡುಮಲೆ ಗಣಪ, ಇನ್ನೊಂದು ಕಡೆ ನೊಳಂಬರ ಕಾಲದ ಆವನಿ ದೇವಸ್ಥಾನಗಳು. ಡಿ.ವಿ.ಜಿ. ಹುಟ್ಟಿದ ಊರೂ ಮುಳಬಾಗಿಲೇ.

ಇಂಥ ತಿರುಗಾಟಕ್ಕೆ ಫೋನಿನಂಥ ಗೆಳೆಯ ಇಲ್ಲ, ಸರಿಯಾಗಿ ಬಳಸಿದರೆ. ಹೊರಡುವ ಹಿಂದಿನ ರಾತ್ರಿ ಮನೆಯ ವೈಫೈನಲ್ಲೇ ಕೋಲಾರ, ಚಿತ್ತೂರು ಜಿಲ್ಲೆಗಳ ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಜಿಪಿಎಸ್ ಸಿಗ್ನಲ್ ಬರುವುದು ಉಪಗ್ರಹದಿಂದ, ಅದಕ್ಕೆ ಡೇಟಾ ಬೇಕಿಲ್ಲ. ಏರ್‌ಪ್ಲೇನ್ ಮೋಡ್‌ನಲ್ಲೂ ನೀವು ಎಲ್ಲಿದ್ದೀರಿ ಅಂತ ನೀಲಿ ಚುಕ್ಕಿ ತೋರಿಸುತ್ತದೆ. ಬೆಟ್ಟಗುಡ್ಡದ ನಡುವೆ ಸಿಗ್ನಲ್ ಸಿಗದ ಕಡೆ ಫೋನು ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ತಿನ್ನುತ್ತದೆ. ಅಲ್ಲಿ ಏರ್‌ಪ್ಲೇನ್ ಮೋಡ್ ಹಾಕಿದರೆ ಸಂಜೆವರೆಗೂ ಚಾರ್ಜು ಉಳಿಯುತ್ತದೆ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡ, ತೆಲುಗು ಎರಡನ್ನೂ ಆಫ್‌ಲೈನ್‌ಗೆ ಇಳಿಸಿಕೊಳ್ಳಬಹುದು. ನಂಗಲಿ ಕಡೆ ಅದರ ಅಗತ್ಯ ಬೀಳಲ್ಲ, ಒಂದೇ ವಾಕ್ಯದಲ್ಲಿ ಎರಡೂ ಭಾಷೆ ಮಾತಾಡುವ ಜನ ಅವರು. ಚಿತ್ತೂರು ದಾಟಿದ ಮೇಲೆ ಬೇಕಾದೀತು.

ಇಷ್ಟೆಲ್ಲ ಅನುಕೂಲ ಸರಿ. ಸಮಸ್ಯೆ ಎಲ್ಲಿ ಅಂದ್ರೆ, ಎಲ್ಲವೂ ಒಂದೇ ಗಂಟಿನಲ್ಲಿ ಕಟ್ಟಿದೆ.

ಈ ರಸ್ತೆಯಲ್ಲಿ ಕಾಲ್ನಡಿಗೆಯಲ್ಲಿ ತಿರುಪತಿಗೆ ಹೋಗುವವರನ್ನು ನೋಡಿರುತ್ತೀರಿ. ಬೆಂಗಳೂರು, ಕೋಲಾರದ ಕಡೆಯಿಂದ ಗುಂಪು ಗುಂಪಾಗಿ ನಡೆಯುತ್ತಾರೆ. ಹಿಂದಿನವರು ಹೀಗೆ ಹೊರಡುವಾಗ ಇದ್ದ ದುಡ್ಡನ್ನೆಲ್ಲ ಒಂದೇ ಕಡೆ ಇಡುತ್ತಿರಲಿಲ್ಲ. ಸೆರಗಿನ ಗಂಟಿನಲ್ಲಿ ಒಂದಿಷ್ಟು, ಸೊಂಟದ ಸಂಚಿಯಲ್ಲಿ ಒಂದಿಷ್ಟು, ಬಟ್ಟೆ ಗಂಟಿನ ತಳದಲ್ಲಿ ಒಂದಿಷ್ಟು. ಇದೆಲ್ಲದರ ಮೇಲೆ ಹಳದಿ ಬಟ್ಟೆಯಲ್ಲಿ ಕಟ್ಟಿದ ತಿಮ್ಮಪ್ಪನ ಮುಡುಪು ಬೇರೆ. ಹಸಿವಾದರೂ ಅದನ್ನು ಮುಟ್ಟುವ ಹಾಗಿಲ್ಲ. ಒಂದು ಗಂಟು ಕಳೆದರೆ ಇನ್ನೊಂದು ಊರು ಸೇರಿಸುತ್ತಿತ್ತು.

ನಮ್ಮ ಫೋನು ಈ ಎಲ್ಲ ಗಂಟುಗಳನ್ನು ಬಿಚ್ಚಿ ಒಂದು ಮಾಡಿಬಿಟ್ಟಿದೆ. ದುಡ್ಡು ಅದರಲ್ಲೇ, ಟಿಕೆಟ್ಟು ಅದರಲ್ಲೇ, ಗುರುತಿನ ಚೀಟಿ, ದಾರಿ, ಮನೆಯವರ ನಂಬರು ಎಲ್ಲ ಅದರಲ್ಲೇ. ಬಂಗಾರಪೇಟೆಗೆ ರೈಲಿನಲ್ಲಿ ಹೋಗಿ ಪಾನಿಪುರಿ ತಿಂದು ಬರೋಣ ಅಂತ ಆ್ಯಪ್‌ನಲ್ಲಿ ಪೇಪರ್ ಇಲ್ಲದ ಜನರಲ್ ಟಿಕೆಟ್ ತಗೊಂಡಿದ್ದೀರಿ ಅನ್ನಿ. ಟಿಕೆಟ್ ಕೇಳಿದಾಗ ಫೋನ್ ಆಫ್ ಆಗಿದ್ದರೆ ನೀವು ಟಿಕೆಟ್ ಇಲ್ಲದ ಪ್ರಯಾಣಿಕ ಅಂತಲೇ ಲೆಕ್ಕ. ದುಡ್ಡು ಕೊಟ್ಟಿದ್ದು ನಿಜ, ತೋರಿಸಲು ಏನೂ ಇಲ್ಲ.

ಫೋನೇ ಕಳೆದುಹೋದರೆ? ರಾತ್ರಿ ಎಂಟು ಗಂಟೆ, ಗೊತ್ತಿಲ್ಲದ ಬಸ್ ಸ್ಟ್ಯಾಂಡು, ಜೇಬು ಖಾಲಿ. ಯಾರದೋ ಫೋನ್ ಕೇಳಿ ಡಿಜಿಲಾಕರ್ ತೆರೆಯೋಣ ಅಂದರೆ ಒಟಿಪಿ ಹೋಗುವುದು ಕಳೆದ ಸಿಮ್ಮಿಗೆ. ಮೇಲ್ ತೆರೆಯೋಣ ಅಂದರೆ ಅದೂ ಆ ನಂಬರಿಗೇ ಕೋಡ್ ಕಳಿಸುತ್ತದೆ. ಮರುದಿನ ಡೂಪ್ಲಿಕೇಟ್ ಸಿಮ್ ತಗೊಂಡರೂ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ನಮ್ಮ ಹೆಸರಲ್ಲಿ ಕಳ್ಳರು ಸಿಮ್ ತಗೊಂಡು ಖಾತೆ ಖಾಲಿ ಮಾಡದಿರಲಿ ಅಂತ ಇರುವ ನಿಯಮ ಅದು, ಒಳ್ಳೆಯದೇ. ಆದರೆ ಆ ಒಂದು ದಿನ ಕಳೆಯುವುದು ಹೇಗೆ? ಬ್ಯಾಂಕಿನಲ್ಲಿ ಸಂಬಳ ಬಿದ್ದಿರುತ್ತದೆ, ಕೈಯಲ್ಲಿ ಟೀ ಕುಡಿಯಲು ಹತ್ತು ರೂಪಾಯಿ ಇರುವುದಿಲ್ಲ.

ಅದಕ್ಕೇ ಮತ್ತೆ ಗಂಟು ಬಿಡಿಸಿ ಬೇರೆ ಬೇರೆ ಕಟ್ಟೋಣ. ದೊಡ್ಡ ಕೆಲಸ ಏನಲ್ಲ, ಹೊರಡುವ ಮುನ್ನ ಅರ್ಧ ಗಂಟೆ ಸಾಕು.

ಮೊದಲನೆಯದು ಮುಡುಪು. ಒಂದು ಸಾವಿರ ರೂಪಾಯಿ, ನೂರು ಇನ್ನೂರರ ನೋಟುಗಳಲ್ಲಿ, ಪರ್ಸಿನಲ್ಲಿ ಅಲ್ಲ, ಬ್ಯಾಗಿನ ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡಿ. ದೋಸೆಗೆ ಚಿಲ್ಲರೆ ಇಲ್ಲ ಅಂತ ಅದಕ್ಕೆ ಕೈ ಹಾಕಬಾರದು. ಅದು ಮನೆ ಸೇರುವ ದುಡ್ಡು. ಅದೇ ಕವರಿನಲ್ಲಿ ಆಧಾರ್ ಅಥವಾ ಡಿಎಲ್‌ನ ಜೆರಾಕ್ಸು, ಒಂದು ಚೀಟಿಯಲ್ಲಿ ಮೂರು ಫೋನ್ ನಂಬರು, ನಿಮ್ಮ ರಕ್ತದ ಗುಂಪು. ಎಟಿಎಂ ಕಾರ್ಡು ಬೇರೆ ಜೇಬಿನಲ್ಲಿ. ಕಾರ್ಡಿನ ಜೊತೆ ಪಿನ್ ಬರೆದಿಡಬೇಡಿ ಅಂತ ಹೇಳಬೇಕಾಗಿಲ್ಲ ತಾನೇ?

ಎರಡನೆಯದು ಫೋನಿನೊಳಗಿನ ದುಡ್ಡು. ಸಂಬಳದ ಖಾತೆಯನ್ನು ಯುಪಿಐಗೆ ಜೋಡಿಸಿಕೊಂಡು ಊರೂರು ತಿರುಗುವುದಕ್ಕಿಂತ, ಸ್ವಲ್ಪವೇ ದುಡ್ಡಿರುವ ಇನ್ನೊಂದು ಖಾತೆ ಜೋಡಿಸುವುದು ಕ್ಷೇಮ. ಟೀ, ಬಾಳೆಹಣ್ಣು, ಬಸ್ಸಿನಂಥ ಚಿಲ್ಲರೆ ಖರ್ಚಿಗೆ ಯುಪಿಐ ಲೈಟ್ ಚೆನ್ನಾಗಿದೆ. ಅದರಲ್ಲಿ 5000 ರೂ. ತನಕ ಇಡಬಹುದು, ಪಿನ್ ಹೊಡೆಯುವ ಗೋಜಿಲ್ಲ. ಪಿನ್ ಇಲ್ಲ ಅಂದ ಮೇಲೆ ಲಾಕ್ ತೆಗೆದ ಫೋನ್ ಯಾರ ಕೈಗೆ ಸಿಕ್ಕರೂ ಆ ದುಡ್ಡು ಹೋಯಿತು. ಐನೂರು ಹಾಕಿ, ಸಾಕು.

ಮೂರನೆಯದು ನೆಟ್ ಇಲ್ಲದ ದಾರಿ. *99# ಅಂತ ಡಯಲ್ ಮಾಡಿ, ಇಂಟರ್‌ನೆಟ್ ಇಲ್ಲದೆ, ಕೀಪ್ಯಾಡ್ ಫೋನಿನಿಂದಲೂ ಒಂದು ಸಲಕ್ಕೆ 5000 ರೂ.ವರೆಗೆ ಕಳಿಸಬಹುದು. ಕನ್ನಡದಲ್ಲೂ ಇದೆ. 2014ರಿಂದ ದೇಶದಾದ್ಯಂತ ಇರುವ ಈ ಸೇವೆ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮೇ ಬೇಕು, ಎಲ್ಲ ಕಂಪನಿಯ ಸಿಮ್‌ನಲ್ಲೂ ನಡೆಯುವುದಿಲ್ಲ. ಮನೆಯಲ್ಲೇ ಒಂದು ಸಲ ನೂರು ರೂಪಾಯಿ ಕಳಿಸಿ ನೋಡಿ. ಮನೆಯಲ್ಲಿ ಮೂಲೆಗೆ ಬಿದ್ದಿರುವ ಹಳೆಯ ಕೀಪ್ಯಾಡ್ ಫೋನು ಇದ್ದರೆ ಚಾರ್ಜ್ ಮಾಡಿ ಬ್ಯಾಗಿಗೆ ಹಾಕಿ. ಸ್ಮಾರ್ಟ್‌ಫೋನ್ ಸತ್ತರೆ ಸಿಮ್ ತೆಗೆದು ಅದಕ್ಕೆ ಹಾಕಬಹುದು. ಇ–ಸಿಮ್ ಇರುವವರಿಗೆ ಈ ಉಪಾಯ ಇಲ್ಲ, ಅವರು ಇನ್ನೊಂದು ಮಾಮೂಲಿ ಸಿಮ್ ಇಟ್ಟುಕೊಳ್ಳುವುದು ವಾಸಿ.

ನಾಲ್ಕನೆಯದು ಕರೆಂಟು. ಪವರ್ ಬ್ಯಾಂಕು ಇರಲಿ, ನಿಮ್ಮದೇ ಚಾರ್ಜರೂ ಇರಲಿ. ಸಾರ್ವಜನಿಕ ಜಾಗದ ಯುಎಸ್‌ಬಿ ತೂತಿಗೆ ನೇರವಾಗಿ ಕೇಬಲ್ ಸಿಕ್ಕಿಸಬೇಡಿ. ಅಲ್ಲಿಂದ ಮಾಹಿತಿ ಕದಿಯುವ ಅಪಾಯ ಇದೆ ಅಂತ ರಿಸರ್ವ್ ಬ್ಯಾಂಕೇ 2022ರಲ್ಲಿ ಎಚ್ಚರಿಕೆ ಕೊಟ್ಟಿದೆ. ಮಾಮೂಲಿ ಪ್ಲಗ್ಗಿಗೆ ಸ್ವಂತ ಚಾರ್ಜರ್ ಹಾಕಿದರೆ ಆ ಭಯ ಇಲ್ಲ.

ಇನ್ನು ಎರಡು ನಂಬರು. ತುರ್ತು ಇದ್ದರೆ 112. ಫೋನ್ ಕದ್ದವರು ದುಡ್ಡು ಎಳೆದಿದ್ದು ಗೊತ್ತಾದರೆ ತಕ್ಷಣ 1930. ಫೋನ್ ಕಳೆದಾಗ ಪೊಲೀಸ್ ದೂರು ಕೊಟ್ಟು, ಸಂಚಾರ್ ಸಾಥಿ ಜಾಲತಾಣದಲ್ಲಿ ಐಎಂಇಐ ಬ್ಲಾಕ್ ಮಾಡಿಸಬಹುದು. ಆ ಐಎಂಇಐ ನಂಬರು ಬೇಕಲ್ಲ? ಈಗಲೇ *#06# ಒತ್ತಿ, ಮನೆಯ ಡೈರಿಯಲ್ಲಿ ಬರೆದಿಡಿ.

ಕೊನೆಯ ಗಂಟು ಬಾಯಿ. ಆವನಿಗೆ ಹೋಗುವ ಹಳ್ಳಿ ಬಸ್ಸು ಎಷ್ಟೊತ್ತಿಗೆ ಅಂತ ಆ್ಯಪ್ ನೋಡಿ ಕೂತರೆ ಬಸ್ಸು ಹೋಗಿಬಿಡುತ್ತದೆ. "ಅಣ್ಣಾ, ಪಲಮನೇರು ಬಸ್ಸು ಎಷ್ಟೊತ್ತಿಗೆ?" ಅಂತ ಟೀ ಅಂಗಡಿಯಲ್ಲಿ ಕೇಳಿ. "ಈಗ ಹೋಯ್ತಲ್ಲಮ್ಮ. ಇನ್ನೊಂದು ಬರ್ತದೆ, ಇಲ್ಲೇ ನೆರಳಲ್ಲಿ ನಿಂತ್ಕೋ" ಅಂತಾರೆ. ಬಸ್ಸಿನ ಸಮಯದ ಜೊತೆ ನೆರಳೂ ಸಿಕ್ಕಿತು. ಹಾಡುತ್ತ ಊರೂರು ಅಲೆದ ಹರಿದಾಸರ ಪರಂಪರೆಗೆ ಮೊದಲಿಗರಲ್ಲಿ ಒಬ್ಬರಾದ ಶ್ರೀಪಾದರಾಜರ ಮಠ ಇರುವುದೂ ಈ ಮುಳಬಾಗಿಲಿನ ಪಕ್ಕದಲ್ಲೇ, ನರಸಿಂಹತೀರ್ಥದಲ್ಲಿ. ತಂಬೂರಿ ಹಿಡಿದು ಮನೆ ಮನೆ ಬಾಗಿಲಿಗೆ ಹೋದ ದಾಸರಿಗೆ ಕೇಳುವುದು ಅವಮಾನ ಆಗಿರಲಿಲ್ಲ. ನಮಗೆ ಮಾತ್ರ ದಾರಿ ಕೇಳಲೂ ಸಂಕೋಚ. ಕೇಳಿ ಅಭ್ಯಾಸ ಇಲ್ಲದವನು, ಫೋನ್ ಇಲ್ಲದ ರಾತ್ರಿ "ಅಣ್ಣಾ, ಒಂದು ಕಾಲ್ ಮಾಡ್ಕೊಳ್ಳಲಾ?" ಅಂತ ಬಾಯಿ ಬಿಡುವುದು ಕಷ್ಟ. ಬಾಯಿ ಬಿಟ್ಟರೂ, ಯಾವ ನಂಬರಿಗೆ?

ಇನ್ನೊಂದು ಮಾತು. ಈ ರಸ್ತೆಯಲ್ಲಿ ನಡೆಯುವವರು ಕೊನೆಗೆ ಸೇರುವ ತಿರುಮಲದ ದೇವಸ್ಥಾನದೊಳಗೆ ಮೊಬೈಲ್ ಬಿಡುವುದಿಲ್ಲ, ಕೌಂಟರಿನಲ್ಲಿ ಕೊಟ್ಟೇ ಹೋಗಬೇಕು. ಎಷ್ಟು ದುಬಾರಿ ಫೋನಾದರೂ ಅಲ್ಲಿ ಒಂದು ಚೀಟಿಯಾಗುತ್ತದೆ. ದರ್ಶನ ಮುಗಿಸಿ ಬಂದ ಆ ಜನಜಂಗುಳಿಯಲ್ಲಿ ಜೊತೆಯವರು ತಪ್ಪಿದರೆ ಕರೆ ಮಾಡುವಂತಿಲ್ಲ. ಗೊತ್ತಿದ್ದವರು ಒಳಗೆ ಹೋಗುವ ಮುನ್ನವೇ "ಹೊರಗೆ ಬಂದು ಇಂಥ ಕಡೆ ನಿಂತಿರೋಣ" ಅಂತ ಮಾತಾಡಿಕೊಂಡಿರುತ್ತಾರೆ. ತಿರುಪತಿಗೇ ಹೋಗಬೇಕಿಲ್ಲ, ಯಾವ ಊರಿಗೆ ಹೋದರೂ ಬಸ್ಸು ಇಳಿದ ತಕ್ಷಣ ಹೀಗೊಂದು ಜಾಗ ಗೊತ್ತು ಮಾಡಿಕೊಳ್ಳಿ.

ಮುಂದಿನ ಶನಿವಾರ ಹೊರಡುವವರು ಶುಕ್ರವಾರ ರಾತ್ರಿ ಮ್ಯಾಪ್ ಡೌನ್‌ಲೋಡ್ ಆಗುವಷ್ಟು ಹೊತ್ತು ಒಂದು ಕೆಲಸ ಮಾಡಿ. ಆ ಮೂರನೆಯ ನಂಬರನ್ನು, ಅಕ್ಕನದೋ ಗೆಳೆಯನದೋ, ಮಗ್ಗಿ ಹೇಳಿದ ಹಾಗೆ ಹತ್ತು ಸಲ ಹೇಳಿಕೊಳ್ಳಿ. ಅದಕ್ಕೆ ಚಾರ್ಜು ಬೇಡ, ಸಿಗ್ನಲ್ಲೂ ಬೇಡ.