ತಳಿ ಗಟ್ಟಿಯಿದ್ದರೆ ಔಷಧದ ಸಾಲ ಯಾಕೆ?

ದ್ರಾಕ್ಷಿ ಬೆಳೆಯುವ ರೈತ ಬಂಧುಗಳೇ,

ಅಕ್ಟೋಬರ್ ಚಾಟ್ನಿ ಆದ ಮೇಲೆ ಎರಡು ದಿನ ಮೋಡ ಕವಿದರೆ ಸಾಕು, ನಮ್ಮ ನಿದ್ದೆ ಹಾರುತ್ತದೆ. ದಾವಣಿ ರೋಗಕ್ಕೊಂದು ಸಿಂಪರಣೆ, ಬೂದಿ ರೋಗಕ್ಕೊಂದು, ಮಳೆ ತೊಳೆದರೆ ಮತ್ತೊಂದು. ಗೊನೆ ಹಣ್ಣಾಗುವ ಮೊದಲೇ ಔಷಧದಂಗಡಿಯ ಉದ್ರಿಗೆ ಬಡ್ಡಿ ಬೆಳೆದಿರುತ್ತದೆ. ಇದನ್ನು ನಾವು ಹಣೆಬರಹ ಅಂತೀವಿ. ಹಣೆಬರಹ ಅಲ್ಲ, ಇದು ತಳಿಯ ಪ್ರಶ್ನೆ.

ಈ ರೋಗಗಳ ಮೂಲ ಅಮೆರಿಕ. ಬೂದಿ ರೋಗ 1845ರಲ್ಲಿ ಇಂಗ್ಲೆಂಡಿನಲ್ಲಿ, ದಾವಣಿ 1878ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿತು. ಅಮೆರಿಕದ ಕಾಡುಬಳ್ಳಿಗಳಿಗೆ ಅವನ್ನು ತಡೆಯುವ ಗುಣ ಹುಟ್ಟಿನಿಂದಲೇ ಇದೆ. ಯುರೋಪಿನ ಬಳ್ಳಿಗೂ, ಅದೇ ಕುಲದ ನಮ್ಮ ಥಾಮ್ಸನ್ ಸೀಡ್‌ಲೆಸ್‌ಗೂ ಅದಿಲ್ಲ. 1885ರಲ್ಲಿ ಮೈಲುತುತ್ತ, ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಬಂತು. ಅಂದು ಹಿಡಿದ ಪಂಪನ್ನು ರೈತ ಇನ್ನೂ ಕೆಳಗಿಟ್ಟಿಲ್ಲ.

ಬೇರೆ ದಾರಿ ಇಲ್ಲವೆ? ಇದೆ. ಕಾಡುಬಳ್ಳಿಯ ಗುಣವನ್ನು ನಾಡಬಳ್ಳಿಗೆ ಕೂಡಿಸುವುದು. ಜರ್ಮನಿಯ ಗೈಲ್‌ವೈಲರ್‌ಹೋಫ್ ಸಂಸ್ಥೆ 1967ರಲ್ಲಿ ಹೀಗೆ ಕೂಡಿಸಿದ 'ರೀಜೆಂಟ್' ಎಂಬ ವೈನ್ ತಳಿಯನ್ನು ಬೆಳೆಯಲು ಅನುಮತಿ ಸಿಕ್ಕಿದ್ದು 1996ರಲ್ಲಿ. ಲೆಕ್ಕ ಹಾಕಿ, 29 ವರ್ಷ! ಯಾವ ವ್ಯಾಪಾರಿ ಇಷ್ಟು ಕಾಯುತ್ತಾನೆ? ಔಷಧ ಮಾರುವವನಂತೂ ಕಾಯುವುದಿಲ್ಲ. ರೋಗ ನಿಂತರೆ ಅವನ ಗಲ್ಲಾವೂ ನಿಲ್ಲುತ್ತದೆ. ಅದಕ್ಕೇ ಇದು ಸರ್ಕಾರದ ಕೆಲಸ.

ಫ್ರಾನ್ಸಿನ ಸರ್ಕಾರಿ ಸಂಶೋಧಕರು 2018ರಲ್ಲಿ ಅರ್ತಬಾನ್, ಫ್ಲೋರಿಯಲ್, ವಿದೋಕ್, ವೋಲ್ಟಿಸ್ ಎಂಬ ನಾಲ್ಕು ವೈನ್ ತಳಿ ತಂದರು. ಒಂದೇ ತಡೆಗುಣವಿದ್ದರೆ ಬೂಷ್ಟು ಅದನ್ನು ಮುರಿಯಬಲ್ಲದು ಎಂದು ಪ್ರತಿ ರೋಗಕ್ಕೂ ಒಂದಕ್ಕಿಂತ ಹೆಚ್ಚು ಗುಣ ಸೇರಿಸಿದರು. ಅಲ್ಲಿಯೂ ಸಿಂಪರಣೆ ಪೂರ್ತಿ ನಿಂತಿಲ್ಲ, ಆದರೆ ಬಹಳ ಇಳಿದಿದೆ.

"ಮಿಶ್ರ ತಳಿಯ ವೈನಿಗೆ ರುಚಿ ಇಲ್ಲ" ಅಂತ ಮೂಗು ಮುರಿಯುವವರಿದ್ದಾರೆ. ಹಳೆಯ ಅಮೆರಿಕನ್ ತಳಿಗಳಿಗೆ ಗಡಸು ವಾಸನೆ ಇತ್ತು, ನಿಜ. ಹಾಗಂತಲೇ ಪೀಳಿಗೆ ಮೇಲೆ ಪೀಳಿಗೆ ವೈನ್ ಬಳ್ಳಿಯೊಂದಿಗೆ ಮತ್ತೆ ಮತ್ತೆ ಕೂಡಿಸಿದ್ದು. 1934ರಲ್ಲಿ ಫ್ರಾನ್ಸ್ ಆರು ತಳಿ ನಿಷೇಧಿಸಿತು. ಆಗ ಅಲ್ಲಿ ವೈನ್ ಕೊಳ್ಳುವವರಿಲ್ಲದೆ ಬಿದ್ದಿತ್ತು, ಅದನ್ನೂ ನೆನಪಿಡಿ. ಆ ಆರರಲ್ಲಿ ಇಸಾಬೆಲ್ಲಾ ಒಂದು. ನಮ್ಮ ಬೆಂಗಳೂರು ನೀಲಿ ಅದೇ ತಳಿ ಎನ್ನುತ್ತಾರೆ. ಅದೇ ಯುರೋಪು 2021ರಲ್ಲಿ ಕಾನೂನು ತಿದ್ದಿ, ಊರಿನ ಹೆಸರಿನಿಂದ ಮಾರುವ ಪ್ರತಿಷ್ಠಿತ ವೈನಿಗೂ ಮಿಶ್ರ ತಳಿ ಬಳಸಬಹುದು ಎಂದಿತು. ಅವರ ನಾಲಿಗೆ ಒಪ್ಪಿದ್ದು ನಮ್ಮವರ ನಾಲಿಗೆಗೆ ಒಗ್ಗುವುದಿಲ್ಲವೇನ್ರಿ?

ನಮ್ಮಲ್ಲಿ ಬೀಜವೇ ಇಲ್ಲ ಅಂತಲ್ಲ. ಪುಣೆಯ ಅಘರ್ಕರ್ ಸಂಸ್ಥೆ ಅಮೆರಿಕದ ಕಟಾವ್ಬಾ, ಬ್ಯೂಟಿ ಸೀಡ್‌ಲೆಸ್ ಕೂಡಿಸಿ ಎ.ಆರ್.ಐ.-516 ತಳಿ ಮಾಡಿದೆ. ಬೂಷ್ಟು ರೋಗ ತಡೆಯುತ್ತದೆ, ರಸಕ್ಕೂ ಕೆಂಪು ವೈನಿಗೂ ಆಗುತ್ತದೆ. ಹೆಸರಘಟ್ಟದಲ್ಲಿ ಬೆಂಗಳೂರು ನೀಲಿಗೆ ಬ್ಲ್ಯಾಕ್ ಚಂಪಾ ಕೂಡಿಸಿ ಅರ್ಕಾ ಶ್ಯಾಮ್ ಮಾಡಿದ್ದಾರೆ. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿಯನ್ನೂ ತಂದಿತು. ಕಾರ್ಖಾನೆಗೆ ನೀತಿ ಬೇಕು ಸರಿ, ಬಳ್ಳಿಗೆ ಬೇಡವೆ?

ಇಲ್ಲೊಂದು ಎಚ್ಚರ. ತಳಿ ಬಂದ ಮಾತ್ರಕ್ಕೆ ಸಾಲ ತೀರುವುದಿಲ್ಲ. "ನಿಮಗೆ ಔಷಧದ ಖರ್ಚು ಉಳಿಯಿತಲ್ಲ" ಅಂತ ಕೊಳ್ಳುವವನು ಕಿಲೋಗೆ ಅಷ್ಟೇ ದರ ಇಳಿಸಿದರೆ, ಉಳಿತಾಯ ಅವನ ಜೇಬಿಗೆ. ಹೊಸ ಬಳ್ಳಿ ಫಲ ಕೊಡುವ ತನಕ ಮನೆ ನಡೆಯುವುದು ಹೇಗೆ?

ಆದ್ದರಿಂದ ಕೇಳೋಣ: ಸಂಶೋಧನಾ ಕೇಂದ್ರದ ಬೇಲಿಯೊಳಗಲ್ಲ, ನಮ್ಮ ಹೊಲದಲ್ಲಿ, ಸರ್ಕಾರದ ಖರ್ಚಿನಲ್ಲಿ ಪ್ರಯೋಗ ನಡೆಯಲಿ. ಸಸಿ ಸರ್ಕಾರಿ ನರ್ಸರಿಯಿಂದ ಸಿಗಲಿ. ಹೊಸ ಬಳ್ಳಿ ಹಚ್ಚುವವರಿಗೆ ಮೊದಲ ಫಲದವರೆಗೆ ಕಂತು, ಬಡ್ಡಿ ಎರಡೂ ನಿಲ್ಲಲಿ. ನಾಟಿಗೆ ಮೊದಲೇ ವೈನ್ ಕಾರ್ಖಾನೆ ದರ ಬರೆದುಕೊಡಲಿ.

ಬರೆದುಕೊಡದವನ ಮಾತು ನಂಬಿ ಇದ್ದ ಬಳ್ಳಿ ಕೀಳಬೇಡಿ. ಊರೂರಲ್ಲಿ ಕೂಡಿ ಠರಾವು ಮಾಡಿ, ತೋಟಗಾರಿಕೆ ಇಲಾಖೆಯ ಮೇಜಿನ ಮೇಲಿಡಿ. ಉತ್ತರ ಬರುವವರೆಗೆ ಅಲ್ಲಿಂದ ಏಳಬೇಡಿ.