ಗುರುಗುಟ್ಟುವ ನಾಯಿಯ ಬಾಯಿ ಮುಚ್ಚಿಸಬೇಡಿ

ಇನ್ನೇನು ಬೇಸಿಗೆ ರಜೆ ಬಂತು. ಮಕ್ಕಳು ಅಜ್ಜಿಮನೆಗೋ ಅತ್ತೆಮನೆಗೋ ಹೊರಡುತ್ತಾರೆ. ಅಲ್ಲಿ ನಾಯಿ ಇದ್ದರಂತೂ ದಿನವಿಡೀ ಅದರ ಹಿಂದೆಯೇ ಓಡಾಟ. ಆ ಸಂಭ್ರಮಕ್ಕೆ ಮೊದಲೇ ದೊಡ್ಡವರಿಗೆ ಒಂದು ಮಾತು ಹೇಳಬೇಕಾಗಿದೆ. ಮಗುವನ್ನು ಕಚ್ಚುವ ನಾಯಿ ಬೀದಿಯದ್ದೇ ಆಗಿರಬೇಕಿಲ್ಲ. ಮಗು ಹೆಸರು ಹಿಡಿದು ಕರೆಯುವ, ಮನೆಯೊಳಗೇ ಮಲಗುವ ನಾಯಿಯೂ ಕಚ್ಚುತ್ತದೆ. ಪುಟ್ಟ ಮಕ್ಕಳ ಮುಖ ನಾಯಿಯ ಮೂತಿಗೆ ಹತ್ತಿರವಿರುವುದರಿಂದ ಗಾಯವೂ ಹೆಚ್ಚಾಗಿ ಮುಖಕ್ಕೆ, ಕುತ್ತಿಗೆಗೆ ಆಗುತ್ತದೆ.

‘ಯಾವತ್ತೂ ಹೀಗೆ ಮಾಡಿದ್ದಿಲ್ಲ, ಇದ್ದಕ್ಕಿದ್ದಂತೆ ಬಾಯಿ ಹಾಕಿಬಿಡ್ತು’ ಎನ್ನುತ್ತಾರೆ ಮನೆಯವರು. ನಿಜಕ್ಕೂ ಇದ್ದಕ್ಕಿದ್ದಂತೆ ಕಚ್ಚುವ ನಾಯಿ ಬಲು ಅಪರೂಪ. ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಫರ್ಡ್ ಕಚ್ಚುವ ಮುನ್ನ ನಾಯಿ ಕೊಡುವ ಸೂಚನೆಗಳನ್ನು ಒಂದು ಏಣಿಯ ಚಿತ್ರದಲ್ಲಿ ತೋರಿಸಿದ್ದಾರೆ. ತಳದಲ್ಲಿ ಆಕಳಿಕೆ, ಕಣ್ಣು ಮಿಟುಕಿಸುವುದು, ಮೂಗು ನೆಕ್ಕಿಕೊಳ್ಳುವುದು. ಅದಕ್ಕೂ ಬಗ್ಗದಿದ್ದರೆ ಮುಖ ತಿರುಗಿಸುತ್ತದೆ, ಎದ್ದು ದೂರ ಹೋಗುತ್ತದೆ, ಕಿವಿ ಹಿಂದಕ್ಕೊತ್ತಿ ಬಾಲ ಮುದುರಿ ಕುಗ್ಗುತ್ತದೆ. ಆಮೇಲೆ ಮೈ ಬಿಗಿಹಿಡಿದು ದಿಟ್ಟಿಸುತ್ತದೆ, ಗುರ್ ಎನ್ನುತ್ತದೆ, ತಾಗದಂತೆ ಬಾಯಿ ಹಾಕುತ್ತದೆ. ಕಚ್ಚುವುದು ಕಟ್ಟಕಡೆಯ ಮೆಟ್ಟಿಲು. ಅಷ್ಟು ಹೊತ್ತಿಗೆ ಅದು ಹತ್ತು ಬಗೆಯಲ್ಲಿ ಬೇಡ ಎಂದಿರುತ್ತದೆ.

ನಮ್ಮ ಮೊಬೈಲುಗಳಲ್ಲಿ ತುಂಬಿರುವ ಫೋಟೊಗಳನ್ನೇ ತೆಗೆದು ನೋಡಿ. ಮಗು ನಾಯಿಯ ಕತ್ತನ್ನು ಎರಡೂ ಕೈಯಿಂದ ತಬ್ಬಿ ನಗುತ್ತಿರುತ್ತದೆ. ನಾಯಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದೆ, ಮುಖ ಅತ್ತ ತಿರುಗಿದೆ, ಕಣ್ಣು ಮಾತ್ರ ಇತ್ತ. ಕಣ್ಣಂಚಿನಲ್ಲಿ ಬಿಳಿ ಅರ್ಧಚಂದ್ರದಂತೆ ಕಾಣುತ್ತಿದೆ. ಫೋಟೊ ತೆಗೆದವರಿಗೆ ಅದು ಪ್ರೀತಿ. ನಾಯಿಗೆ ಅದು ತಪ್ಪಿಸಿಕೊಳ್ಳಲಾಗದ ಹಿಡಿತ. ಇಂಥ ಚಿತ್ರಕ್ಕೆ ಲೈಕ್ ಒತ್ತುವ ಬದಲು ಮಗುವನ್ನು ಮೆಲ್ಲಗೆ ಈಚೆ ಕರೆಯಬೇಕು.

ಬಾಲ ಆಡಿಸಿದರೆ ಖುಷಿ ಎಂಬ ನಂಬಿಕೆಯನ್ನೂ ಬಿಡಬೇಕು. ಸಡಿಲ ಮೈಯಲ್ಲಿ ಸೊಂಟದಿಂದಲೇ ಬಳುಕುವ ಬಾಲ ಬೇರೆ, ಮೈಯೆಲ್ಲ ಸೆಟೆದು ಬಾಲದ ತುದಿಯಷ್ಟೇ ಅದುರುವುದು ಬೇರೆ. 2007ರಲ್ಲಿ ಇಟಲಿಯ ವಿಜ್ಞಾನಿಗಳು ಕಂಡುಕೊಂಡಂತೆ, ಯಜಮಾನನನ್ನು ಕಂಡಾಗ ಬಾಲ ನಾಯಿಯ ಬಲಕ್ಕೂ, ಗುರುತಿಲ್ಲದ ಜೋರಿನ ನಾಯಿಯನ್ನು ಕಂಡಾಗ ಎಡಕ್ಕೂ ಹೆಚ್ಚು ವಾಲುತ್ತದೆ. ಮನೆಯಲ್ಲಿ ಎಡಬಲ ಅಳೆಯುತ್ತ ಕೂರುವ ಅಗತ್ಯವಿಲ್ಲ, ಇಡೀ ಮೈಯನ್ನು ನೋಡುವ ರೂಢಿ ಬಂದರೆ ಸಾಕು.

ಇವೆಲ್ಲಕ್ಕಿಂತ ಅಪಾಯದ್ದು ಇನ್ನೊಂದಿದೆ. ನಾಯಿ ಗುರ್ ಎಂದ ಕೂಡಲೇ ನಾವು ಗದರುತ್ತೇವೆ, ಮೂತಿಗೆ ಏಟು ಹಾಕುತ್ತೇವೆ, ‘ಮಗುವಿಗೇ ಗುರ್ ಅಂತೀಯಾ’ ಎಂದು ಕಟ್ಟಿಹಾಕುತ್ತೇವೆ. ನಾಯಿ ಬೇಗ ಕಲಿಯುವ ಪ್ರಾಣಿ, ಗುರುಗುಟ್ಟುವುದನ್ನು ಬಿಟ್ಟೇಬಿಡುತ್ತದೆ. ಆದರೆ ಒಳಗಿನ ಭಯ, ನೋವು ಎಲ್ಲಿಗೂ ಹೋಗಿರುವುದಿಲ್ಲ. ಈಗ ‘ನಮ್ಮ ನಾಯಿ ಎಷ್ಟು ಸಾಧು’ ಎಂದು ನೆಮ್ಮದಿಯಾಗಿರುವ ಎಷ್ಟೋ ಮನೆಗಳಲ್ಲಿ ಮುಂದಿನ ಸಲ ಸದ್ದೇ ಇಲ್ಲದೆ ಹಲ್ಲು ಇಳಿಯುತ್ತದೆ. ಗುರುಗುಟ್ಟಿದಾಗ ಮಾಡಬೇಕಾದ್ದು ಇಷ್ಟೇ: ಕೂಗಾಡದೆ ಮಗುವನ್ನು ದೂರ ಕರೆದುಕೊಳ್ಳುವುದು, ನಾಯಿಯನ್ನು ಅದರ ಪಾಡಿಗೆ ಬಿಡುವುದು. ನಿನ್ನೆವರೆಗೆ ಮುಟ್ಟಿಸಿಕೊಳ್ಳುತ್ತಿದ್ದದ್ದು ಇಂದು ಗುರ್ ಎಂದರೆ ಕಿವಿ ಸೋಂಕೋ ಹಲ್ಲುನೋವೋ ಕೀಲುನೋವೋ ಇದ್ದೀತು, ಪಶುವೈದ್ಯರಿಗೆ ತೋರಿಸಿ.

ನೆಂಟರ ಮಕ್ಕಳು ಬರುವ ಮುಂಚೆಯೇ ನಾಯಿಗೆ ಯಾರೂ ಕಾಲಿಡದ ಒಂದು ಮೂಲೆ ಗೊತ್ತುಮಾಡಿ. ಉಣ್ಣುವಾಗ, ಮಲಗಿದಾಗ, ಮರಿಗಳೊಂದಿಗಿರುವಾಗ ಅದನ್ನು ಮುಟ್ಟಬಾರದೆಂದು ಮಕ್ಕಳಿಗೆ ಹೇಳಿ. ಹೇಳಿದೆವಲ್ಲ ಎಂದು ಪುಟ್ಟ ಮಕ್ಕಳನ್ನು ನಾಯಿಯ ಜೊತೆ ಬಿಟ್ಟು ಅಡುಗೆಮನೆಗೆ ಹೋಗಬೇಡಿ. ಶಾಲೆಗಳೂ ರಜೆ ಕೊಡುವ ಮುನ್ನ ಒಂದು ಪೀರಿಯಡ್ ಇದಕ್ಕೆ ಮೀಸಲಿಡಲಿ.

ಹಲ್ಲು ತಾಗಿಯೇಬಿಟ್ಟರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ನಾಯಿಗೆ ಲಸಿಕೆ ಹಾಕಿಸಿದ್ದರೂ ಅದೇ ದಿನ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ.